ಮೂಲ ಫೋಟೋ ಕೆಡದಂತೆ ಲೇಯರ್ ಎಡಿಟಿಂಗ್: ಐದು ತಂತ್ರಾಂಶಗಳ ಹೋಲಿಕೆ, ಹಂತ ಹಂತವಾಗಿ

ಆಲ್ಬಮ್‌ನ ಮಾದರಿ ಪುಟಗಳು ಮನೆಯವರ ಕೈ ಸೇರಿದ ಮೇಲೆ ದಾವಣಗೆರೆಯ ಸ್ಟುಡಿಯೋಗಳಿಗೆ ಬರುವ ಫೋನ್ ಕರೆ ಹೆಚ್ಚುಕಡಿಮೆ ಒಂದೇ ಬಗೆಯದು: "ಮದುಮಗಳ ಮುಖ ತೀರಾ ಬೆಳ್ಳಗಾಗಿದೆ, ಹಚ್ಚಿದ ಅರಿಶಿನವೇ ಕಾಣುತ್ತಿಲ್ಲ, ಸ್ವಲ್ಪ ಸರಿಮಾಡಿ ಕೊಡಿ." ಎಡಿಟಿಂಗ್ ಮಾಡುವವರು ಫೈಲ್ ತೆರೆಯುತ್ತಾರೆ. ಒಳಗೆ ಸಾಲುಸಾಲು ಲೇಯರ್‌ಗಳಿವೆ (ಒಂದರ ಮೇಲೊಂದು ಕೂರುವ ಪದರಗಳು). ಆದರೆ ಮುಖವನ್ನು ಬೆಳ್ಳಗೆ ಮಾಡಿದ ಆ ಒಂದು ತಿದ್ದುಪಡಿ ಯಾವ ಲೇಯರ್‌ನಲ್ಲೂ ಸಿಗುವುದಿಲ್ಲ. ಅದು ಫೋಟೋದ ಪಿಕ್ಸೆಲ್‌ಗಳಲ್ಲೇ ಬೆರೆತುಹೋಗಿದೆ. ಇಡೀ ಕೆಲಸ ಮತ್ತೆ ಮೊದಲಿನಿಂದ ಆಗಬೇಕು.

ಲೇಯರ್ ಬಳಸಿದ ಮಾತ್ರಕ್ಕೆ ಮೂಲ ಚಿತ್ರ ಉಳಿಯುತ್ತದೆ ಎಂಬ ನಂಬಿಕೆಯೇ ಈ ತೊಂದರೆಯ ಬೇರು. ಅಳತೆಗೋಲು ಒಂದೇ: ಫೈಲ್ ಮುಚ್ಚಿ, ವಾರ ಬಿಟ್ಟು ತೆರೆದಾಗಲೂ ಪ್ರತಿಯೊಂದು ತಿದ್ದುಪಡಿಯನ್ನು ಬಿಡಿಬಿಡಿಯಾಗಿ ಬದಲಾಯಿಸಲು ಬರಬೇಕು. ಫೋಟೋಶಾಪ್, ಗಿಂಪ್, ಅಫಿನಿಟಿ, ಕ್ರಿಟಾ, ಫೋಟೋಪಿಯಾ ಐದರಲ್ಲೂ ಇದು ಸಾಧ್ಯ. ಆದರೆ ಐದೂ ತಿದ್ದುಪಡಿಯನ್ನು ಇಟ್ಟುಕೊಳ್ಳುವ ಜಾಗ ಬೇರೆ ಬೇರೆ. ಹಾಗಾಗಿ ಒಂದರಲ್ಲಿ ಸರಿಯಾದ ಕ್ರಮ ಇನ್ನೊಂದರಲ್ಲಿ ಕೈಕೊಡುತ್ತದೆ.

## ಶುರು ಮಾಡುವ ಮುನ್ನ

ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. 8 ಜಿಬಿಯಲ್ಲೂ ನಡೆಯುತ್ತದೆ, ಆದರೆ ಆಲ್ಬಮ್‌ನ ಪೂರ್ತಿ ಹಾಳೆ ತೆರೆದಾಗ ಯಂತ್ರ ತಡವರಿಸುತ್ತದೆ. ಮಾಸ್ಕ್ (ತಿದ್ದುಪಡಿ ಬಿಳಿ ಇದ್ದಲ್ಲಿ ಕಾಣುವಂತೆ, ಕಪ್ಪು ಇದ್ದಲ್ಲಿ ಮರೆಯಾಗುವಂತೆ ಮಾಡುವ ಪರದೆ) ಮೇಲೆ ಬ್ರಷ್ ಆಡಿಸಲು ಪೆನ್ ಟ್ಯಾಬ್ಲೆಟ್ ಇದ್ದರೆ ಒಳ್ಳೆಯದು, ಮೌಸ್ ಇದ್ದರೂ ಸಾಕು.

ಗಿಂಪ್ ಬಳಸುವವರು ಮೊದಲು ಆವೃತ್ತಿ ನೋಡಿಕೊಳ್ಳಿ. 2025ರ ಮಾರ್ಚ್‌ನಲ್ಲಿ ಬಂದ 3.0 ಅಥವಾ ಅದಕ್ಕಿಂತ ಹೊಸದು ಬೇಕೇ ಬೇಕು. 2.10ರಲ್ಲಿ ಫಿಲ್ಟರ್ ಹಾಕಿ ಒಪ್ಪಿಗೆ ಕೊಟ್ಟ ಕ್ಷಣವೇ ಅದು ಪಿಕ್ಸೆಲ್‌ಗೆ ಇಳಿದುಬಿಡುತ್ತದೆ. ಈ ಮಾರ್ಗದರ್ಶಿಯ ಅರ್ಧ ಭಾಗ ಅಲ್ಲಿ ನಡೆಯುವುದೇ ಇಲ್ಲ. ಅಫಿನಿಟಿ 2025ರ ಅಕ್ಟೋಬರ್ ಕೊನೆಯಿಂದ ಉಚಿತವಾಗಿದೆ. ಕ್ಯಾನ್ವಾ ಖಾತೆ ಇರಬೇಕು. ಫೋಟೋಪಿಯಾ ಬ್ರೌಸರಿನಲ್ಲೇ ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಫೋಟೋ ನಿಮ್ಮ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ.

ಅಭ್ಯಾಸಕ್ಕೆ ಎರಡು ಫೋಟೋ ಆರಿಸಿಕೊಳ್ಳಿ. ಒಂದು, ಚಿತ್ರದುರ್ಗದ ಕೋಟೆಯಲ್ಲಿ ನಡುಹಗಲಿಗೆ ತೆಗೆದದ್ದು: ಬಂಡೆಗಳ ಸಂದು ಕಪ್ಪು, ಆಕಾಶ ಬಿಳಿಚಿಕೊಂಡಿರುತ್ತದೆ, ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು. ಎರಡು, ಶಾಮಿಯಾನದ ಕೆಳಗೆ ನಡೆದ ಅರಿಶಿನ ಶಾಸ್ತ್ರದ ಫೋಟೋ. ಎಡಿಟಿಂಗ್‌ನಲ್ಲಿ ತಪ್ಪಾಗುವ ಬಹುಪಾಲು ಜಾಗಗಳು ಈ ಎರಡರಲ್ಲೇ ಸಿಗುತ್ತವೆ.

## ಹಂತ 1: ಮೂಲವನ್ನು ಬೇರೆ ಇಟ್ಟು, ಕೆಲಸದ ಫೈಲ್ ಮಾಡಿಕೊಳ್ಳಿ

ಕ್ಯಾಮೆರಾದಿಂದ ಬಂದ ಫೈಲ್‌ಗಳನ್ನು ಒಂದು ಫೋಲ್ಡರಿಗೆ ಹಾಕಿ, ಮತ್ತೊಂದು ಡಿಸ್ಕಿಗೂ ನಕಲು ಮಾಡಿ. ಆ ಫೋಲ್ಡರಿನ ಒಳಗೆ ಏನನ್ನೂ ಸೇವ್ ಮಾಡಬೇಡಿ.

ಫೋಟೋ ತೆರೆದ ಕೂಡಲೇ, ಒಂದು ಗೆರೆಯನ್ನೂ ತಿದ್ದುವ ಮೊದಲು, ತಂತ್ರಾಂಶದ ಸ್ವಂತ ಮಾದರಿಯಲ್ಲಿ ಸೇವ್ ಮಾಡಿ: ಫೋಟೋಶಾಪ್ ಮತ್ತು ಫೋಟೋಪಿಯಾದಲ್ಲಿ ಪಿಎಸ್‌ಡಿ, ಗಿಂಪ್‌ನಲ್ಲಿ ಎಕ್ಸ್‌ಸಿಎಫ್, ಕ್ರಿಟಾದಲ್ಲಿ ಕೆಆರ್‌ಎ, ಅಫಿನಿಟಿಯಲ್ಲಿ ಅದರದೇ ಫೈಲ್. ಕಿಟಕಿಯ ನೆತ್ತಿಯಲ್ಲಿ ಫೈಲ್ ಹೆಸರಿನ ಕೊನೆಗೆ ಇನ್ನೂ ಜೆಪೆಗ್ ಎಂದೇ ಇದ್ದರೆ ಮುಂದುವರಿಯಬೇಡಿ. ಫೋಟೋಪಿಯಾದಲ್ಲಿ ಇದು ಇನ್ನೂ ಮುಖ್ಯ. ಪಿಎಸ್‌ಡಿಯಾಗಿ ಇಳಿಸಿಕೊಳ್ಳದೆ ಟ್ಯಾಬ್ ಮುಚ್ಚಿದರೆ ಕೆಲಸ ಹೋಯಿತೆಂದೇ ತಿಳಿಯಿರಿ.

ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್) ಆಗಿದ್ದರೆ ಫೋಟೋಶಾಪ್‌ನ ಕ್ಯಾಮೆರಾ ರಾ ಕಿಟಕಿಯಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ. 'ಓಪನ್' ಗುಂಡಿ ಫೈಲನ್ನು ಆಬ್ಜೆಕ್ಟ್ ಆಗಿ ತೆರೆಯುವ ಗುಂಡಿಯಾಗುತ್ತದೆ. ಹಾಗೆ ತೆರೆದರೆ ರಾ ಫೈಲೇ ಸ್ಮಾರ್ಟ್ ಆಬ್ಜೆಕ್ಟ್ (ಮೂಲವನ್ನು ಹಾಗೇ ಒಳಗಿಟ್ಟುಕೊಳ್ಳುವ ಲೇಯರ್) ಆಗಿ ಒಳಗೆ ಕೂರುತ್ತದೆ, ಮುಂದೆ ಎಕ್ಸ್‌ಪೋಷರನ್ನೂ ವೈಟ್ ಬ್ಯಾಲೆನ್ಸನ್ನೂ ಮತ್ತೆ ತೆರೆಯಬಹುದು. ಕೋಟೆಯ ಫೋಟೋದಂಥ ದೊಡ್ಡ ಆಕಾಶವಿದ್ದರೆ 16 ಬಿಟ್ ಆರಿಸಿ. ಬಣ್ಣದ ಮಟ್ಟಗಳು ಕಡಿಮೆಯಿರುವ 8 ಬಿಟ್‌ನಲ್ಲಿ ಕರ್ವ್ಸ್ (ಗೆರೆ ಬಾಗಿಸಿ ಬೆಳಕು-ಬಣ್ಣ ತಿದ್ದುವ ಉಪಕರಣ) ಎಳೆದರೆ ಆಕಾಶದಲ್ಲಿ ಪಟ್ಟೆಪಟ್ಟೆ ಮೂಡುವ ಅಪಾಯ ಹೆಚ್ಚು.

## ಹಂತ 2: ತಿದ್ದುಪಡಿ ಎಲ್ಲಿ ಕೂರುತ್ತದೆ ಎಂದು ತಿಳಿದುಕೊಳ್ಳಿ

ಹೋಲಿಕೆ ಎಂದರೆ ಯಾವುದರಲ್ಲಿ ಎಷ್ಟು ಫಿಲ್ಟರ್‌ಗಳಿವೆ ಎಂದು ಎಣಿಸುವುದಲ್ಲ. ತಿದ್ದುಪಡಿ ತನ್ನದೇ ಲೇಯರ್ ಆಗಿ ನಿಲ್ಲುತ್ತದೆಯೇ, ಬೇರೊಂದು ಲೇಯರ್‌ಗೆ ಅಂಟಿಕೊಳ್ಳುತ್ತದೆಯೇ, ಅಥವಾ ಪಿಕ್ಸೆಲ್‌ಗೆ ಇಳಿಯುತ್ತದೆಯೇ? ನೋಡಬೇಕಾದದ್ದು ಇದನ್ನು.

ಫೋಟೋಶಾಪ್: ಕರ್ವ್ಸ್, ಲೆವೆಲ್ಸ್, ಹ್ಯೂ-ಸ್ಯಾಚುರೇಷನ್‌ಗಳಿಗೆ ಎರಡು ದಾರಿಗಳಿವೆ. 'ಇಮೇಜ್' ಮೆನುವಿನ 'ಅಡ್ಜಸ್ಟ್‌ಮೆಂಟ್ಸ್'ನಿಂದ ಹೋದರೆ ಸಾಮಾನ್ಯ ಲೇಯರ್‌ನ ಪಿಕ್ಸೆಲ್‌ಗಳೇ ಬದಲಾಗುತ್ತವೆ. 'ಲೇಯರ್' ಮೆನುವಿನಿಂದ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿದರೆ ಅದು ಬೇರೆಯಾಗಿ, ತನ್ನದೇ ಮಾಸ್ಕ್ ಜೊತೆ ನಿಲ್ಲುತ್ತದೆ. ಎರಡರ ಹೆಸರೂ ಒಂದೇ, ಪರದೆಯ ಮೇಲೆ ಫಲವೂ ಒಂದೇ, ಆದ್ದರಿಂದಲೇ ಇಷ್ಟು ಜನ ಎಡವುತ್ತಾರೆ. ಬ್ಲರ್, ಶಾರ್ಪನ್‌ನಂಥ ಫಿಲ್ಟರ್‌ಗಳಿಗಾದರೆ ಲೇಯರನ್ನು ಮೊದಲು ಸ್ಮಾರ್ಟ್ ಆಬ್ಜೆಕ್ಟ್ ಮಾಡಿರಬೇಕು. ಆಗ ಫಿಲ್ಟರ್ ಲೇಯರ್‌ನ ಕೆಳಗೆ ಪಟ್ಟಿಯಾಗಿ ಕಾಣುತ್ತದೆ, ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಹಳೆಯ ಅಂಕಿಗಳ ಸಮೇತ ತೆರೆಯುತ್ತದೆ.

ಫೋಟೋಪಿಯಾ: ಇದೇ ವ್ಯವಸ್ಥೆ, ಮೆನುಗಳೂ ಹೆಚ್ಚುಕಡಿಮೆ ಅವೇ. ಅಡ್ಜಸ್ಟ್‌ಮೆಂಟ್ ಲೇಯರ್, ಸ್ಮಾರ್ಟ್ ಆಬ್ಜೆಕ್ಟ್, ಸ್ಮಾರ್ಟ್ ಫಿಲ್ಟರ್ ಮೂರೂ ಇವೆ. ದೊಡ್ಡ ಫೈಲ್‌ಗಳಲ್ಲಿ ನಿಧಾನ.

ಅಫಿನಿಟಿ: ಕಲಿಯುವವರಿಗೆ ನನ್ನ ಮೊದಲ ಆಯ್ಕೆ ಇದೇ. ಅಡ್ಜಸ್ಟ್‌ಮೆಂಟ್ ಲೇಯರ್ ಇದೆ. ಬ್ಲರ್, ಶಾರ್ಪನ್‌ಗಳಿಗೂ 'ಲೈವ್ ಫಿಲ್ಟರ್' ಎಂಬ ಪ್ರತ್ಯೇಕ ಲೇಯರ್ ಇದೆ. ಎರಡಕ್ಕೂ ನೇರವಾಗಿ ಬ್ರಷ್ ಆಡಿಸಬಹುದು, ಬೇರೆ ಮಾಸ್ಕ್ ಹಾಕಬೇಕಿಲ್ಲ. ಒಂದು ತಿದ್ದುಪಡಿಯನ್ನು ಎಳೆದು ಇನ್ನೊಂದು ಲೇಯರ್‌ನ ಒಳಗೆ ಬಿಟ್ಟರೆ ಅದಕ್ಕೆ ಮಾತ್ರ ತಾಗುತ್ತದೆ. ಎಚ್ಚರ ಬೇಕಾದದ್ದು ಒಂದೇ ಕಡೆ: ಲೈವ್ ಅಲ್ಲದ ಸಾಮಾನ್ಯ ಫಿಲ್ಟರ್ ಮೆನುವೂ ಅಲ್ಲೇ ಇದೆ, ಅದು ಪಿಕ್ಸೆಲ್‌ಗೆ ಇಳಿಯುತ್ತದೆ.

ಗಿಂಪ್ 3.0: ಇಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್ ಎಂಬುದಿಲ್ಲ. ಫಿಲ್ಟರ್ ಆಗಲಿ, ಬಣ್ಣದ ತಿದ್ದುಪಡಿಯಾಗಲಿ, ನೀವು ನಿಂತಿರುವ ಲೇಯರ್‌ಗೇ ಅಂಟಿಕೊಳ್ಳುತ್ತದೆ, ಲೇಯರ್ ಪಕ್ಕದಲ್ಲಿ 'ಎಫ್‌ಎಕ್ಸ್' ಗುರುತು ಬರುತ್ತದೆ. ಅದನ್ನು ಒತ್ತಿದರೆ ಹಾಕಿದ್ದೆಲ್ಲ ಪಟ್ಟಿಯಾಗಿ ಸಿಗುತ್ತದೆ. ತಿದ್ದಬಹುದು, ಮರೆಮಾಡಬಹುದು, ಮೇಲೆ ಕೆಳಗೆ ಸರಿಸಬಹುದು. ಫಿಲ್ಟರ್ ಕಿಟಕಿಯಲ್ಲಿ 'ಮರ್ಜ್ ಫಿಲ್ಟರ್' ಎಂಬ ಚಿಕ್ಕ ಚೌಕವಿದೆ. ಅದರಲ್ಲಿ ಗುರುತು ಬಿದ್ದಿದ್ದರೆ ಎಲ್ಲವೂ ಹಳೆಯ 2.10ರಂತೆಯೇ ನಡೆಯುತ್ತದೆ. ಪ್ರತಿ ಸಲವೂ ಅತ್ತ ಒಮ್ಮೆ ಕಣ್ಣುಹಾಯಿಸಿ.

ಈ ಅಂಟಿಕೊಳ್ಳುವ ಗುಣದಿಂದ ಎರಡು ಪರಿಣಾಮಗಳಿವೆ. ಫಿಲ್ಟರ್ ಅಂಟಿದ ಲೇಯರ್ ಮೇಲೆ ಬ್ರಷ್ ಆಡಿಸಿದರೆ ನಿಮ್ಮ ಗೆರೆಯೂ ಆ ಫಿಲ್ಟರ್ ಮೂಲಕವೇ ಹಾದುಬರುತ್ತದೆ, ಹಾಗಾಗಿ ಆರಿಸಿದ ಬಣ್ಣ ಒಂದು, ಬೀಳುವುದು ಇನ್ನೊಂದು. ಎರಡನೆಯದು, ಬಂಡೆಗೆ ಮಾತ್ರ ತಾಗುವ, ಬ್ರಷ್‌ನಿಂದ ತಿದ್ದಬಲ್ಲ ತಿದ್ದುಪಡಿ ಬೇಕಾದರೆ ಲೇಯರನ್ನು ನಕಲು ಮಾಡಿ, ನಕಲಿಗೆ ಲೇಯರ್ ಮಾಸ್ಕ್ ಹಾಕಿ, ಫಿಲ್ಟರನ್ನು ಆ ನಕಲಿಗೆ ಅಂಟಿಸಬೇಕು. ಆದರೆ ನಕಲು ಮಾಡಿದ ಮೇಲೆ ಕೆಳಗಿನ ಲೇಯರ್‌ನಲ್ಲಿ ಮಾಡಿದ ಸ್ವಚ್ಛತೆ (ಬೇಡದ ವಸ್ತು, ಕಲೆ ತೆಗೆಯುವುದು) ಮೇಲಕ್ಕೆ ಬರುವುದಿಲ್ಲ. ಗಿಂಪ್‌ನಲ್ಲಿ ಸ್ವಚ್ಛತೆ ಪೂರ್ತಿ ಮುಗಿಯದೆ ನಕಲು ಮಾಡಬಾರದು ಎನ್ನುವುದು ಇದಕ್ಕೇ.

ಕ್ರಿಟಾ: ಚಿತ್ರ ಬಿಡಿಸುವವರ ತಂತ್ರಾಂಶವಾದರೂ ಫಿಲ್ಟರ್ ಲೇಯರ್, ಫಿಲ್ಟರ್ ಮಾಸ್ಕ್, ಟ್ರಾನ್ಸ್‌ಫಾರ್ಮ್ ಮಾಸ್ಕ್ ಎಲ್ಲ ಇವೆ. ಫಿಲ್ಟರ್ ಲೇಯರ್ ತನ್ನ ಗುಂಪಿನಲ್ಲಿ ಕೆಳಗಿರುವ ಎಲ್ಲದಕ್ಕೂ ತಾಗುತ್ತದೆ, ಫಿಲ್ಟರ್ ಮಾಸ್ಕ್ ಒಂದೇ ಲೇಯರ್‌ಗೆ. ಚರ್ಮ, ಕಲೆ ತಿದ್ದುವ ಉಪಕರಣಗಳು ಕಡಿಮೆ. ಪೋಸ್ಟರ್ ಕೆಲಸಕ್ಕೆ ಒಪ್ಪುತ್ತದೆ, ಮದುವೆ ಆಲ್ಬಮ್‌ಗೆ ನಾನು ಸೂಚಿಸುವುದಿಲ್ಲ.

## ಹಂತ 3: ಕೋಟೆಯ ಫೋಟೋ, ಕೆಳಗಿನಿಂದ ಮೇಲಕ್ಕೆ

ಮೊದಲು ರಾ ಹಂತದ ಬೆಳಕು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಇಲ್ಲೇ ಮುಗಿಯಲಿ. ಮುಂದಿನ ಸ್ವಚ್ಛತೆಯ ಲೇಯರ್ ಈಗಿನ ಬಣ್ಣವನ್ನೇ ಹೊತ್ತುಕೊಳ್ಳುತ್ತದೆ. ಆಮೇಲೆ ಸ್ಮಾರ್ಟ್ ಆಬ್ಜೆಕ್ಟ್ ತೆರೆದು ವೈಟ್ ಬ್ಯಾಲೆನ್ಸ್ ಬದಲಿಸಿದರೆ ಕೆಳಗಿನ ಬಂಡೆಯ ಬಣ್ಣ ಬದಲಾಗುತ್ತದೆ, ಮೇಲಿನ ತೇಪೆಗಳು ಹಳೆಯ ಬಣ್ಣದಲ್ಲೇ ಉಳಿದು ಎದ್ದುಕಾಣುತ್ತವೆ.

ಎರಡನೆಯದು ಸ್ವಚ್ಛತೆ. ಮೂಲದ ನೇರ ಮೇಲೆ ಖಾಲಿ ಲೇಯರ್ ಹಾಕಿ. ಬಂಡೆ ಸಂದಿನ ಪ್ಲಾಸ್ಟಿಕ್ ಕವರ್, ಗೋಡೆಯ ಮೇಲಿನ ಗೀಚು, ಅಡ್ಡಬಂದ ವಿದ್ಯುತ್ ತಂತಿಗಳನ್ನು ಅಲ್ಲೇ ತೆಗೆಯಿರಿ. ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗಕ್ಕೆ ಬಳಿಯುವ ಫೋಟೋಶಾಪ್‌ನ ಕ್ಲೋನ್ ಸ್ಟ್ಯಾಂಪ್‌ನಲ್ಲಿ ಸ್ಯಾಂಪಲ್ ಜಾಗಕ್ಕೆ 'ಕರೆಂಟ್ ಆ್ಯಂಡ್ ಬಿಲೋ' ಆರಿಸಿ, ಅಫಿನಿಟಿಯಲ್ಲೂ ಅದೇ ಅರ್ಥದ ಆಯ್ಕೆಯಿದೆ. 'ಆಲ್ ಲೇಯರ್ಸ್' ಬೇಡ. ಮೇಲೆ ಕರ್ವ್ಸ್ ಇದ್ದಾಗ ಹಾಗೆ ಮಾಡಿದರೆ ಈಗಾಗಲೇ ತಿದ್ದಿದ ಬಣ್ಣ ಕೆಳಗಿನ ಲೇಯರ್‌ಗೆ ಇಳಿದು, ಕರ್ವ್ಸ್ ಅದರ ಮೇಲೆ ಇನ್ನೊಮ್ಮೆ ಕೆಲಸ ಮಾಡುತ್ತದೆ. ಗಿಂಪ್‌ನಲ್ಲಿ ಖಾಲಿ ಲೇಯರ್ ಮೇಲೆ ಕ್ಲೋನ್ ಉಪಕರಣವನ್ನು 'ಸ್ಯಾಂಪಲ್ ಮರ್ಜ್ಡ್' ಜೊತೆ ಬಳಸಿ, ಫಿಲ್ಟರ್‌ಗಳನ್ನು ಇನ್ನೂ ಹಾಕಿರಬಾರದು. ಹೀಲ್ ಉಪಕರಣ ಬೇಕೆನಿಸಿದರೆ ಖಾಲಿ ಲೇಯರ್‌ಗಿಂತ ಮೂಲದ ನಕಲಿನ ಮೇಲೆ ಮಾಡುವುದು ಸುರಕ್ಷಿತ.

ಮೂರನೆಯದು ಒಟ್ಟು ಬೆಳಕು, ಆಮೇಲೆ ಬಿಡಿ ಭಾಗಗಳು. ಇಡೀ ಚಿತ್ರಕ್ಕೆ ಒಂದು ಕರ್ವ್ಸ್. ಅದರ ಮೇಲೆ ಬಂಡೆಗಳ ನೆರಳಿಗೆ ಇನ್ನೊಂದು, ಆಕಾಶಕ್ಕೆ ಮತ್ತೊಂದು, ಎರಡಕ್ಕೂ ಮಾಸ್ಕ್. ಚಿತ್ರದುರ್ಗದ ಫೋಟೋಗಳಲ್ಲಿ ಆಕಾಶದ ಮಾಸ್ಕ್ ಕೆಡುವುದು ಗಾಳಿಯಂತ್ರಗಳ ರೆಕ್ಕೆಯ ಬಳಿ. ತಂತ್ರಾಂಶ ತಾನೇ ಆಯ್ಕೆ ಮಾಡಿದ ಆಕಾಶದಲ್ಲಿ ಆ ಸಣ್ಣ ಗೆರೆಗಳು ನುಂಗಿಹೋಗಿರುತ್ತವೆ, ಆಕಾಶ ಗಾಢವಾದಂತೆ ಬಿಳಿ ರೆಕ್ಕೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಚಿತ್ರವನ್ನು ನೂರಕ್ಕೆ ನೂರು ಗಾತ್ರಕ್ಕೆ ತಂದು, ಸಣ್ಣ ಕಪ್ಪು ಬ್ರಷ್‌ನಿಂದ ಒಂದೊಂದೇ ರೆಕ್ಕೆಯನ್ನು ಮಾಸ್ಕ್‌ನಿಂದ ಹೊರತೆಗೆಯಿರಿ. ಬುರುಜಿನ ಅಂಚಿನಲ್ಲಿ ಬೆಳ್ಳನೆಯ ಗೆರೆ ಕಂಡರೆ ಮಾಸ್ಕ್ ಒಳಸರಿದಿದೆ ಎಂದು ಅರ್ಥ.

ನಾಲ್ಕನೆಯದು ಕೈಯಿಂದ ನೆರಳು-ಬೆಳಕು. ಡಾಡ್ಜ್, ಬರ್ನ್ ಉಪಕರಣಗಳನ್ನು ಮೂಲದ ಮೇಲೆ ಬಳಸಬೇಡಿ. ಅರ್ಧ ಬೂದಿ ಬಣ್ಣ ತುಂಬಿದ ಹೊಸ ಲೇಯರ್ ಮಾಡಿ, ಬ್ಲೆಂಡ್ ಮೋಡನ್ನು 'ಸಾಫ್ಟ್ ಲೈಟ್'ಗೆ ಇಡಿ. ಆ ಬೂದಿ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬಿಳಿ ಬ್ರಷ್ ಬೆಳಕು ಕೊಡುತ್ತದೆ, ಕಪ್ಪು ಬ್ರಷ್ ನೆರಳು ಕೊಡುತ್ತದೆ. ಹೆಚ್ಚಾದ ಕಡೆ ಮತ್ತೆ ಬೂದಿ ಬಳಿದರೆ ಮೊದಲಿನಂತೆ.

ಕೊನೆಗೆ ಕತ್ತರಿಸುವುದು ಮತ್ತು ಶಾರ್ಪನಿಂಗ್. ಫೋಟೋಶಾಪ್‌ನ ಕ್ರಾಪ್ ಉಪಕರಣದಲ್ಲಿ 'ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್' ಗುರುತನ್ನು ತೆಗೆದಿರಬೇಕು. ಗಿಂಪ್‌ನಲ್ಲೂ ಇದೇ ಹೆಸರಿನ ಆಯ್ಕೆಯಿದೆ. ಶಾರ್ಪನಿಂಗ್ ಮುದ್ರಣದ ಗಾತ್ರಕ್ಕೆ ತಕ್ಕಂತೆ ಬದಲಾಗುವುದರಿಂದ ಎಲ್ಲಕ್ಕಿಂತ ಕೊನೆಗೆ ಬರಲಿ.

## ಹಂತ 4: ಅರಿಶಿನದ ಫೋಟೋ, ಮಾಸ್ಕ್‌ನ ನಿಜವಾದ ಪರೀಕ್ಷೆ

ಕೆಂಪು-ಹಳದಿ ಶಾಮಿಯಾನದಿಂದ ಇಳಿದ ಬೆಳಕು ಬಿಳಿ ಪಂಚೆಯನ್ನೂ ಗೋಡೆಯನ್ನೂ ಕಿತ್ತಳೆ ಮಾಡಿರುತ್ತದೆ. ಅದನ್ನು ತೆಗೆಯಲು ಹೋದರೆ ಕೆನ್ನೆಯ ಅರಿಶಿನವೂ ಹೋಗುತ್ತದೆ. ಮನೆಯವರಿಗೆ ಬೇಕಾದದ್ದು ಗೋಡೆಯ ಬಿಳುಪಲ್ಲ, ಆ ಅರಿಶಿನ.

ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ನೀಲಿ ಚಾನೆಲ್ ಸ್ವಲ್ಪ ಏರಿಸಿ, ಕೆಂಪನ್ನು ಒಂದಿಷ್ಟು ಇಳಿಸಿ. ಪಂಚೆ ಬಿಳಿಯಾಗುವವರೆಗೆ ಮಾತ್ರ. ಮುಖದ ಕಡೆ ಈಗ ನೋಡಬೇಡಿ. ನಂತರ ಮಾಸ್ಕ್ ಆರಿಸಿ, ಮೃದು ಅಂಚಿನ ಕಪ್ಪು ಬ್ರಷ್ ತೆಗೆದುಕೊಂಡು ಫ್ಲೋ (ಬ್ರಷ್‌ನಿಂದ ಬಣ್ಣ ಇಳಿಯುವ ಪ್ರಮಾಣ) ಶೇ 15ರ ಆಸುಪಾಸಿಗೆ ಇಳಿಸಿ, ಕೆನ್ನೆ, ಕುತ್ತಿಗೆ, ಕೈಗಳ ಮೇಲೆ ನಿಧಾನವಾಗಿ ಆಡಿಸಿ. ಪೂರ್ತಿ ಕಪ್ಪು ಬಳಿದರೆ ಶಾಮಿಯಾನದ ಕಿತ್ತಳೆಯೂ ಹಾಗೇ ಉಳಿಯುತ್ತದೆ. ಬೇಕಾದದ್ದು ನಡುವಿನ ಬೂದಿ: ಬೆಳಕಿನ ಕಿತ್ತಳೆ ಅರ್ಧ ಕರಗಬೇಕು, ಹಚ್ಚಿದ ಹಳದಿ ನಿಲ್ಲಬೇಕು. ಗಿಂಪ್‌ನಲ್ಲಿ ಇದನ್ನೇ ಹಂತ 2ರಲ್ಲಿ ಹೇಳಿದ ನಕಲು ಲೇಯರ್‌ನ ಮಾಸ್ಕ್ ಮೇಲೆ ಮಾಡಿ.

ಫೋಟೋಶಾಪ್‌ನಲ್ಲಿ ಆಲ್ಟ್ ಒತ್ತಿ ಮಾಸ್ಕ್‌ನ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಮಾಸ್ಕ್ ಮಾತ್ರ ಪರದೆ ತುಂಬುತ್ತದೆ. ಬಿಟ್ಟುಹೋದ ಚುಕ್ಕೆ, ಅಲ್ಲಲ್ಲಿ ಗಂಟುಕಟ್ಟಿದ ಬ್ರಷ್ ಗುರುತು ಆಗ ಕಾಣುತ್ತವೆ. ಶಿಫ್ಟ್ ಒತ್ತಿ ಕ್ಲಿಕ್ ಮಾಡಿದರೆ ಮಾಸ್ಕ್ ತಾತ್ಕಾಲಿಕವಾಗಿ ಆಫ್ ಆಗುತ್ತದೆ. ಕಿವಿಯ ಬಳಿ, ಮುಡಿದ ಹೂವಿನ ಅಂಚಿನಲ್ಲಿ ಕಿತ್ತಳೆ ಸುತ್ತುಗಟ್ಟು ಕಂಡರೆ ಬ್ರಷ್‌ನ ಅಂಚು ಗಡುಸಾಗಿದೆ. ಅಳಿಸಿ ಮತ್ತೆ ಮಾಡಬೇಕಿಲ್ಲ, ಮಾಸ್ಕ್‌ನ ಅಂಚನ್ನು ಮೃದು ಮಾಡುವ 'ಫೆದರ್' ಏರಿಸಿ.

## ಹಂತ 5: ಆಲ್ಬಮ್ ಹಾಳೆಗೆ ಜೋಡಿಸುವಾಗ

12×36 ಇಂಚಿನ ಹಾಳೆಯನ್ನು ಇಂಚಿಗೆ 300 ಪಿಕ್ಸೆಲ್ ಸಾಂದ್ರತೆಯಲ್ಲಿ ಮಾಡಿದರೆ 3,600×10,800 ಪಿಕ್ಸೆಲ್. 8 ಬಿಟ್‌ನಲ್ಲಿ ಹಾಳೆ ತುಂಬುವ ಒಂದೊಂದು ಪಿಕ್ಸೆಲ್ ಲೇಯರ್‌ಗೂ ಸುಮಾರು 117 ಎಂಬಿ, 16 ಬಿಟ್‌ನಲ್ಲಿ ಅದರ ಎರಡರಷ್ಟು ಮೆಮೊರಿ ಬೇಕು. ಅಡ್ಜಸ್ಟ್‌ಮೆಂಟ್ ಲೇಯರ್ ಇದರ ಮುಂದೆ ಹಗುರ. 'ಎಲ್ಲ ಉಳಿಸಿದರೆ ಫೈಲ್ ಭಾರವಾಗುತ್ತದೆ' ಎಂದು ಫ್ಲ್ಯಾಟನ್ ಮಾಡುವವರು (ಎಲ್ಲ ಲೇಯರ್‌ಗಳನ್ನೂ ಒಂದಾಗಿಸುವವರು) ನಿಜಕ್ಕೂ ಕಡಿಮೆ ಮಾಡಬೇಕಾದದ್ದು ಅನವಶ್ಯಕ ನಕಲು ಲೇಯರ್‌ಗಳನ್ನು. ಪಿಎಸ್‌ಡಿ 2 ಜಿಬಿ ಮೀರುವಂತಿಲ್ಲ. ಮೀರಿದರೆ ಪಿಎಸ್‌ಬಿ ಮಾದರಿ ಬಳಸಿ.

ಫೋಟೋವನ್ನು ಹಾಳೆಗೆ ತರುವ ಮೊದಲು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ. ಸಾಮಾನ್ಯ ಲೇಯರನ್ನು ಚಿಕ್ಕದು ಮಾಡಿ, ಆಮೇಲೆ ಮತ್ತೆ ದೊಡ್ಡದು ಮಾಡಿದರೆ ಕಳೆದುಹೋದ ಸೂಕ್ಷ್ಮ ವಿವರ ಮರಳುವುದಿಲ್ಲ. ಜರಿ ಅಂಚು ಮೊದಲು ಮಸುಕಾಗುತ್ತದೆ, ಅದೇ ಸುಳಿವು. ಅಫಿನಿಟಿಯಲ್ಲಿ 'ಪ್ಲೇಸ್' ಮಾಡಿದ ಚಿತ್ರ ತನ್ನ ಮೂಲ ಗಾತ್ರವನ್ನು ಉಳಿಸಿಕೊಳ್ಳುತ್ತದೆ, ಕ್ರಿಟಾದಲ್ಲಿ ಟ್ರಾನ್ಸ್‌ಫಾರ್ಮ್ ಮಾಸ್ಕ್ ಈ ಕೆಲಸ ಮಾಡುತ್ತದೆ. ಗಿಂಪ್ 3.0ರಲ್ಲಿ ಗಾತ್ರದ ತೀರ್ಮಾನ ಖಚಿತವಾಗುವವರೆಗೆ ಲೇಯರನ್ನು ಹಿಗ್ಗಿಸಿ ಕುಗ್ಗಿಸಬೇಡಿ.

ಒಂದೇ ಜೋಡಿಯ ಫೋಟೋ ಹಾಳೆಯಲ್ಲಿ ಎರಡು ಕಡೆ ಬಂದರೆ ಜೋಕೆ. ಸ್ಮಾರ್ಟ್ ಆಬ್ಜೆಕ್ಟನ್ನು ಕಂಟ್ರೋಲ್ ಮತ್ತು ಜೆ ಒತ್ತಿ ನಕಲು ಮಾಡಿದರೆ ಎರಡೂ ಒಂದೇ ಒಳವಸ್ತುವನ್ನು ಹಂಚಿಕೊಳ್ಳುತ್ತವೆ. ಒಂದರ ಒಳಗೆ ತಿದ್ದಿದ್ದು ಎರಡರಲ್ಲೂ ಬದಲಾಗುತ್ತದೆ. ಬೇರೆ ಬೇರೆ ಇರಬೇಕೆಂದರೆ 'ನ್ಯೂ ಸ್ಮಾರ್ಟ್ ಆಬ್ಜೆಕ್ಟ್ ವಯಾ ಕಾಪಿ' ಆರಿಸಿ. ಬ್ರಷ್ ಇಟ್ಟಾಗ 'ರ‍್ಯಾಸ್ಟರೈಸ್ ಮಾಡಬೇಕೇ' (ಪಿಕ್ಸೆಲ್‌ಗೆ ಇಳಿಸಬೇಕೇ) ಎಂದು ಕೇಳಿದರೆ 'ಕ್ಯಾನ್ಸಲ್' ಒತ್ತಿ, ಮೇಲೊಂದು ಖಾಲಿ ಲೇಯರ್ ಹಾಕಿ ಅಲ್ಲಿ ಬ್ರಷ್ ಆಡಿಸಿ. ಅವಸರದಲ್ಲಿ ಒತ್ತಿದ ಆ ಒಂದು 'ಓಕೆ' ಅಷ್ಟೂ ಸ್ಮಾರ್ಟ್ ಫಿಲ್ಟರ್‌ಗಳನ್ನು ಪಿಕ್ಸೆಲ್‌ಗೆ ಇಳಿಸಿಬಿಡುತ್ತದೆ.

## ಹಂತ 6: ಮುಚ್ಚಿ, ತೆರೆದು, ಪರೀಕ್ಷಿಸಿ

ಫೈಲ್ ಸೇವ್ ಮಾಡಿ ತಂತ್ರಾಂಶವನ್ನೇ ಮುಚ್ಚಿ. ಕಂಟ್ರೋಲ್ ಮತ್ತು ಝಡ್ ಒತ್ತಿದಾಗ ಸಿಗುವ ಹಿಂದಿನ ಹೆಜ್ಜೆಗಳು ಫೈಲ್ ಮುಚ್ಚಿದೊಡನೆ ಹೋಗುತ್ತವೆ, ಅವನ್ನು ನಂಬಿದ್ದರೆ ಈಗಲೇ ಗೊತ್ತಾಗಲಿ. ಮತ್ತೆ ತೆರೆದು ಇವನ್ನು ಮಾಡಿ ನೋಡಿ: ಶಾರ್ಪನಿಂಗ್ ಅರ್ಧಕ್ಕಿಳಿಸಿ, ಆಕಾಶದ ಮಾಸ್ಕನ್ನು ತುಸು ಹಿಗ್ಗಿಸಿ, ಕರ್ವ್ಸ್‌ನ ಒಂದು ಬಿಂದು ಸರಿಸಿ, ಕತ್ತರಿಸಿದ ಅಂಚನ್ನು ಮರಳಿ ತನ್ನಿ, ತೆಗೆದ ವಿದ್ಯುತ್ ತಂತಿ ಮತ್ತೆ ಕಾಣಿಸುವಂತೆ ಮಾಡಿ. ಯಾವುದು ಆಗಲಿಲ್ಲವೋ ಆ ಹಂತದಲ್ಲಿ ಪಿಕ್ಸೆಲ್‌ಗೆ ಇಳಿದಿದ್ದೀರಿ. ಇದೇ ಪಟ್ಟಿಯನ್ನು ಎರಡು ತಂತ್ರಾಂಶಗಳಲ್ಲಿ ಮಾಡಿದರೆ ಯಾವುದು ನಿಮಗೆ ಹೊಂದುತ್ತದೆಂದು ತಾನೇ ತಿಳಿಯುತ್ತದೆ.

ಇಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಫೋಟೋಶಾಪ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಜೊತೆ ಇ ಒತ್ತಿ ಮಾಡಿದ ಲೇಯರ್. ಕಾಣುವುದನ್ನೆಲ್ಲ ಒಂದಾಗಿಸಿ ಮೇಲೆ ಹಾಕುವ ಈ ಲೇಯರ್ ಕೆಳಗಿನದೆಲ್ಲವನ್ನೂ ಮುಚ್ಚಿಬಿಡುತ್ತದೆ. ಕೆಳಗೆ ಕರ್ವ್ಸ್ ತಿದ್ದಿದರೂ ಪರದೆಯಲ್ಲಿ ಏನೂ ಬದಲಾಗದು. ಅದರ ಬದಲು ಬೇಕಾದ ಲೇಯರ್‌ಗಳನ್ನು ಒಟ್ಟಿಗೆ ಆರಿಸಿ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಅದರ ಮೇಲೆ ಶಾರ್ಪನಿಂಗ್ ಹಾಕಿ.

## ಹಂತ 7: ಬೇರೆಯವರಿಗೆ ಕೊಡುವಾಗ

ಒಂದು ತಂತ್ರಾಂಶದ ಲೇಯರ್ ಫೈಲ್ ಇನ್ನೊಂದರಲ್ಲಿ ತೆರೆಯಿತು ಎಂದರೆ ತಿದ್ದುಪಡಿಗಳೂ ಬಂದವು ಎಂದಲ್ಲ. ಫೋಟೋಶಾಪ್ ಮತ್ತು ಫೋಟೋಪಿಯಾ ನಡುವೆ ಪಿಎಸ್‌ಡಿ ಓಡಾಟ ಸಾಕಷ್ಟು ಸಲೀಸು. ಗಿಂಪ್‌ನ ಫಿಲ್ಟರ್‌ಗಳು ಎಕ್ಸ್‌ಸಿಎಫ್‌ನಲ್ಲಿ ಮಾತ್ರ ಜೀವಂತವಾಗಿ ಉಳಿಯುತ್ತವೆ ಎಂದೇ ಭಾವಿಸಿ. ಆ ಫೈಲನ್ನು ಹಳೆಯ ಗಿಂಪ್ ಇರುವ ಕಂಪ್ಯೂಟರಿಗೆ ಒಯ್ಯಬೇಡಿ. ಹೊರಗಿನ ಡಿಸೈನರ್‌ಗಳಿಂದ ದಿನವೂ ಪಿಎಸ್‌ಡಿ ಬರುವ ಸ್ಟುಡಿಯೋಗೆ ಫೋಟೋಶಾಪ್ ಬಿಟ್ಟು ಬೇರೆ ಸಲಹೆ ಕೊಡಲಾರೆ. ಒಬ್ಬರೇ ಶುರುವಿನಿಂದ ಕೊನೆಯವರೆಗೆ ಕೆಲಸ ಮಾಡುವವರಿಗೆ ಅಫಿನಿಟಿ ಅಥವಾ ಗಿಂಪ್ ಸಾಕು.

ಆಲ್ಬಮ್ ಮುದ್ರಿಸುವ ಲ್ಯಾಬಿಗೆ ಕಳುಹಿಸಲು ಕೆಲಸದ ಫೈಲನ್ನು ಫ್ಲ್ಯಾಟನ್ ಮಾಡಬೇಡಿ. 'ಎಕ್ಸ್‌ಪೋರ್ಟ್' ಮೂಲಕ ಪ್ರತ್ಯೇಕ ಜೆಪೆಗ್ ಅಥವಾ ಟಿಫ್ ತೆಗೆಯಿರಿ. ಬಣ್ಣದ ಪ್ರೊಫೈಲ್ ಯಾವುದೆಂದು ಲ್ಯಾಬಿನವರನ್ನೇ ಕೇಳಿ. ಆಲ್ಬಮ್ ಮನೆ ತಲುಪಿ, ಅವರು ಒಪ್ಪಿ, ಲೆಕ್ಕ ಚುಕ್ತಾ ಆಗುವವರೆಗೆ ಲೇಯರ್ ಫೈಲ್ ಇರಲಿ. ಡಿಸ್ಕಿನಲ್ಲಿ ಜಾಗ ಸಾಲದಿದ್ದರೆ ಮೊದಲು ಜೆಪೆಗ್‌ಗಳನ್ನು ಅಳಿಸಿ. ಅವನ್ನು ಲೇಯರ್ ಫೈಲಿನಿಂದ ಯಾವಾಗ ಬೇಕಾದರೂ ಮತ್ತೆ ತೆಗೆಯಬಹುದು.